ಅಣ್ಣನ ಸಾವಿನ ಪಾಸು

"ಯಾರನ್ನಾದ್ರೂ ಸಾಯಿಸದೆ ದಾರಿ ಬಿಡಲ್ಲ," ಎಂದ ಕೆರಿಮ್‌ಬೆಕ್.

ಬುರುಲ್ ಎದ್ದು ಅಡುಗೆಮನೆಯ ಕಿಟಕಿ ಮುಚ್ಚಿದಳು. "ಮೆಲ್ಲಗೆ ಮಾತಾಡ್ರೀ. ಯಾರನ್ನ?"

"ತುರ್ಸುನ್ ಅಣ್ಣನ್ನ."

"ಸ್ವಂತ ಅಣ್ಣನ್ನ?"

"ಸ್ವಂತದವರೇ ಆಗ್ಬೇಕು ಕಣೇ. ದೂರದವರು ಸತ್ರೆ ಪಾಸ್ ಕೊಡಲ್ಲ."

ಸೋಂಕಿನ ಆ ವಸಂತದಲ್ಲಿ ಪ್ರಾಂತ್ಯದ ಗಡಿ ದಾಟಲು ಪಾಸ್ ಬೇಕಿತ್ತು. ಮದುವೆಗೆ ಇಲ್ಲ, ನೆಂಟಸ್ತಿಕೆಗೆ ಇಲ್ಲ. ಹೆತ್ತವರು, ಒಡಹುಟ್ಟಿದವರು, ಮಕ್ಕಳು, ಇವರಲ್ಲೊಬ್ಬರು ಸತ್ತರೆ ಮಾತ್ರ ಉಂಟು. ಬಿಷ್ಕೆಕ್ ನಗರವೆಲ್ಲ ಆಗ ನೆಂಟರನ್ನು ಎಷ್ಟು ಧಾರಾಳವಾಗಿ ಕೊಲ್ಲುತ್ತಿತ್ತೆಂದರೆ, ರೋಗವೇ ನಾಚಿಕೊಳ್ಳಬೇಕು.

ಕೆರಿಮ್‌ಬೆಕ್‌ನ ಸಿಟ್ಟಿಗೆ ಕಾರಣವಿತ್ತು. ತಾಯಿ ಇರಬೇಕಾದದ್ದು ಕಿರಿಮಗನ ಮನೆಯಲ್ಲಿ. ಕುಲದ ರೂಢಿ ಅದು. ಚಳಿಗಾಲದ ಕೊನೆಯಲ್ಲಿ ತುರ್ಸುನ್ ಬಂದು, "ನಾಲ್ಕು ದಿನ ಇದ್ದು ಬರಲಿ" ಎಂದು ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ನಾರಿನ್ ಪ್ರಾಂತ್ಯದ ತನ್ನೂರು ಆಟ್-ಬಾಶಿಗೆ ಹೋದ. ಹಿಂದೆಯೇ ರಸ್ತೆಗಳು ಮುಚ್ಚಿದವು. ಈಗ ಫೋನ್ ಮಾಡಿದ ನೆಂಟರೆಲ್ಲ ಮೊದಲು ಕೇಳುವುದು, "ಅಮ್ಮ ಎಲ್ಲಿ?" ಅದರರ್ಥ, ಸೊಸೆ ಓಡಿಸಿದಳಾ ಅಂತ. ಬುರುಲ್ ಫೋನ್ ಎತ್ತುವುದನ್ನೇ ಬಿಟ್ಟಿದ್ದಳು.

ಸಾಲದ್ದಕ್ಕೆ ತುರ್ಸುನ್ ವಿಡಿಯೋ ಕಳಿಸುತ್ತಿದ್ದ. ಅಮ್ಮ ಕುರಿಮಾಂಸ ತಿನ್ನುತ್ತಿರುವುದು, ಅಮ್ಮ ಬಿಸಿಲಲ್ಲಿ ಕೂತಿರುವುದು. "ನೋಡು ತಮ್ಮಾ, ಅಮ್ಮ ದುಂಡಗಾಗಿದಾಳೆ. ನಿನ್ನ ಮನೇಲಿ ಬರೀ ಗಾಳಿ ಬಡಿಸ್ತಿದ್ರಾ?" ಅದರ ಕೊನೆಗೆ ಕುರಿ ಕೆಮ್ಮಿದಂಥ ಒಂದು ನಗು.

"ಅಮ್ಮಂಗೆ ಫೋನ್ ಕೊಡು," ಎಂದ ಕೆರಿಮ್‌ಬೆಕ್ ಕರೆ ಮಾಡಿ.

"ಬರಲ್ಲ ಅಂತಾಳೆ. ಬೇಕಿದ್ರೆ ಅವನೇ ಬಂದು ಮಾತಾಡ್ಲಿ ಅಂತಾಳೆ."

"ಕೇಳಿಸ್ಕೊಂಡ್ಯಾ?" ಫೋನಿಟ್ಟು ಕೆರಿಮ್‌ಬೆಕ್ ಹಲ್ಲು ಕಡಿದ. "ಅಮ್ಮನ ಬಾಯಿ ಕಟ್ಟಿ ಇವನೇ ಸವಾಲು ಹಾಕ್ತಿದಾನೆ."

ಮೇಲಿನ ಮಹಡಿಯ ಸಗಿನ್ ಆಲೂಗಡ್ಡೆ ಲಾರಿಯವನು. ಸರಕಿಗೆ ತಡೆಯಿಲ್ಲ. "ಬಾರಯ್ಯಾ, ಕ್ಲೀನರ್ ಅಂತ ಕೂರಿಸ್ಕೊಂಡು ಹೋಗ್ತೀನಿ. ಬರ್ತಾ ಅಮ್ಮನ್ನ ಮುಂದಿನ ಸೀಟಲ್ಲಿ ಕೂರಿಸ್ಕೊಂಡು ಬರೋಣ," ಎಂದು ಎರಡು ಸಲ ಕರೆದ.

"ಹೋಗಿ ಬಂದ್ಬಿಡ್ರೀ. ಅಮ್ಮ ಬಂದ್ರೆ ಸಾಕಲ್ವಾ?" ಎಂದಳು ಬುರುಲ್.

"ಸಾಲದು. ಆಲೂಗಡ್ಡೆ ಜೊತೆ ಇಳಿದ್ರೆ ಅವನು ಸಾಯೋವರೆಗೂ ನಗ್ತಾನೆ. ನಾನು ಹೋದ್ರೆ ಅವನ ಮುಖ ಕುದುರೆ ಲದ್ದಿ ಬಣ್ಣಕ್ಕೆ ತಿರುಗ್ಬೇಕು."

ಆ ಬಣ್ಣಕ್ಕಾಗಿ ಅವನು ವಾರಗಟ್ಟಲೆ ಯೋಜನೆ ಹಾಕಿದ. ತುರ್ಸುನ್ ಸತ್ತನೆಂದು ಪಾಸ್ ಮಾಡಿಸುವುದು. ಹೊರಡುವ ಮುನ್ನ ಆಟ್-ಬಾಶಿಯ ನೆಂಟರ ಕಿವಿಗೂ ಸುದ್ದಿ ಬಿಡುವುದು. ಊರೆಲ್ಲ ಅಂಗಳದಲ್ಲಿ ಸೇರಿರುವಾಗ, "ನನ್ನ ಬೆಟ್ಟವೇ! ಅಣ್ಣಾ!" ಎಂದು ಸಾವಿನ ಮನೆಯ ರೂಢಿಯಂತೆ ಗೋಳಾಡುತ್ತ ಕಾರಿಳಿಯುವುದು. ಸತ್ತವನು ಚಡ್ಡಿಯಲ್ಲಿ ಹೊರಗೆ ಬಂದು ಕಕ್ಕಾಬಿಕ್ಕಿಯಾಗಿ ನಿಂತಾಗ ಅಮ್ಮನ ಕೈಹಿಡಿದು ಕರೆತರುವುದು.

"ಬದುಕಿರೋರಿಗೆ ಅಳಬಾರ್ದು ರೀ. ಒಳ್ಳೇದಲ್ಲ."

"ಒಳ್ಳೇದಾಗ್ಲಿ ಅಂತ ಯಾರು ಅಳ್ತಿದಾರೆ?"

ಅವನು ಅಡುಗೆಮನೆಯಲ್ಲೇ ಅಭ್ಯಾಸಕ್ಕೆ ಗೋಳಾಡಿದ. ಪಕ್ಕದ ಮನೆಯಾಕೆ ಬಾಗಿಲು ಬಡಿದು, ರೊಟ್ಟಿ ಕೊಟ್ಟು, ಕಣ್ಣೊರೆಸಿಕೊಂಡು ಹೋದಳು.

ಅರ್ಜಿಯಲ್ಲಿ ಆಟ್-ಬಾಶಿಯ ಊರ ಮುಖ್ಯಸ್ಥರ ನಂಬರು ಕೇಳಿದ್ದರು. ಕೆರಿಮ್‌ಬೆಕ್ ಬುರುಲ್‌ಳ ನಂಬರು ಬರೆದ. ಕಚೇರಿಯಿಂದ ಕರೆ ಬಂದಾಗ ಬಾಯಿಗೆ ಟವೆಲ್ ಸುತ್ತಿ, ಮೂಗಿನಲ್ಲಿ ಮಾತಾಡುವ ಮುದುಕ ಮುಖ್ಯಸ್ಥನೇ ಆಗಿಬಿಟ್ಟ.

"ಹೌದಪ್ಪಾ, ತುರ್ಸುನ್ ಹೋದ. ಹೃದಯ. ಇತ್ತು ಅಂತ ಗೊತ್ತಾಗಿದ್ದೇ ನಿಂತಾಗ. ಸ್ವಲ್ಪ ಜಿಪುಣ. ಇರ್ಲಿ ಬಿಡು, ಮಣ್ಣಿಗೆ ಹೋದವನ ಮೇಲೆ ಏನು ಹೇಳೋದು."

ಬುರುಲ್ ದಿಂಬಿನಲ್ಲಿ ಮುಖ ಹುದುಗಿಸಿ ನಕ್ಕಳು. ಮರುದಿನ ಪಾಸ್ ಬಂತು.

ಬೆಳಿಗ್ಗೆ ಇಬ್ಬರೂ ಹೊರಟರು. ಬೂಮ್ ಕಣಿವೆ ದಾಟುವವರೆಗೂ ಕೆರಿಮ್‌ಬೆಕ್ ಅಣ್ಣನ ನಗುವನ್ನೇ ನಗುತ್ತಿದ್ದ. ನಾರಿನ್ ಪ್ರಾಂತ್ಯದ ಗಡಿಯಲ್ಲಿ ಸಿಮೆಂಟ್ ದಿಮ್ಮಿಗಳನ್ನು ಅಡ್ಡ ಇಟ್ಟಿದ್ದರು. ಮಾಸ್ಕ್ ಹಾಕಿದ ನಡುವಯಸ್ಸಿನ ಪೊಲೀಸಿನವನು ಪಾಸ್ ಓದಿದ. ಇನ್ನೊಮ್ಮೆ ಓದಿದ.

"ಸತ್ತಿರೋದು ಆಟ್-ಬಾಶಿಯ ತುರ್ಸುನ್?"

"ನನ್ನ ಬೆಟ್ಟ ಸಾರ್," ಎಂದು ಕೆರಿಮ್‌ಬೆಕ್ ಮೂಗೊರೆಸಿಕೊಂಡ.

"ಆ ಬೆಟ್ಟ ಬೆಳಿಗ್ಗೆ ಇಲ್ಲಿಂದಲೇ ಹಾದು ಹೋಯ್ತು. ಸ್ಟೀರಿಂಗ್ ಹಿಡ್ಕೊಂಡಿತ್ತು."

ಕೆರಿಮ್‌ಬೆಕ್ ಕಾರಿಂದ ಇಳಿದ. "ಎಲ್ಲಿಗೆ?"

"ಬಿಷ್ಕೆಕ್‌ಗೆ. ಸಾವಿನ ಮನೆಗೆ." ಪೊಲೀಸಿನವನು ಅವನ ಗುರುತಿನ ಚೀಟಿ ನೋಡಿದ, ಮುಖ ನೋಡಿದ, ಮತ್ತೆ ಚೀಟಿ ನೋಡಿದ. "ತಮ್ಮ ಹೋಗ್ಬಿಟ್ಟಿದ್ದಾನಂತೆ. ಕೆರಿಮ್‌ಬೆಕ್ ಅಂತ."

"ನೋಡಿದ್ಯೇನೇ ಬುರುಲ್!" ಕೆರಿಮ್‌ಬೆಕ್ ಬಾನೆಟ್ ಮೇಲೆ ಗುದ್ದಿದ. "ನನಗಿಂತ ಮೊದ್ಲು ಅವನೇ ನನ್ನ ಕೊಂದ! ಇವನು ಅಣ್ಣನಾ? ಪಾಪಿ!"

"ಅವರನ್ನ ಯಾಕೆ ಬೈತೀರಿ?" ಎಂದ ಪೊಲೀಸಿನವನು. "ಪಾಪ, 'ಬೇಡಮ್ಮಾ, ಹಂಗನ್ಬೇಡ, ಅವನು ಗಟ್ಟಿಯಾಗಿದಾನೆ' ಅಂತ ಗೋಗರೀತಿದ್ರು. ಪಾಸ್ ಹಿಡಿದು ಮಾತಾಡಿದ್ದು ಹಿಂದಿನ ಸೀಟಲ್ಲಿದ್ದ ನಿಮ್ಮಮ್ಮ. ಕಣ್ಣಲ್ಲಿ ಒಂದು ಹನಿ ಇಲ್ಲ. ನನಗೇ ಅನುಮಾನ ಬಂದು ಕೇಳಿದೆ, ಅಜ್ಜೀ, ಮಗ ಹೋಗಿದ್ದು ಖಾತ್ರೀನಾ ಅಂತ."

ಕೆರಿಮ್‌ಬೆಕ್ ಬಾನೆಟ್ ಮೇಲಿಂದ ಕೈ ತೆಗೆದ. "ಏನಂದ್ರು?"

"'ಬದುಕಿದ್ದಿದ್ರೆ ನನ್ನ ಕರ್ಕೊಂಡು ಹೋಗೋಕೆ ಇಷ್ಟೊತ್ತಿಗೆ ಬಂದಿರ್ತಿರ್ಲಿಲ್ವೇನಪ್ಪಾ' ಅಂದ್ರು."