ಎರಡು ಚೀಟಿ

ಬುರುಡೆಯ ದವಡೆಗೆ ಅಂಟಿದ್ದ ಮಣ್ಣನ್ನು ಶೆವ್ಕೆತ್ ಬ್ರಷ್ಷಿನಿಂದ ಬಿಡಿಸುತ್ತಿದ್ದಾಗ ಹಲ್ಲುಗಳ ನಡುವಿನಿಂದ ಪುಟ್ಟ ನಾಣ್ಯವೊಂದು ಉದುರಿತು. ಹಸಿರುಗಟ್ಟಿದ ತಾಮ್ರ, ಅದರ ಮೇಲೆ ಯಾವನೋ ಚಕ್ರವರ್ತಿಯ ಸವೆದ ಮೂಗು. ಅವನು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಸತ್ತವರ ಬಾಯಲ್ಲಿ ನಾಣ್ಯ ಇಟ್ಟು ಹೂಳುತ್ತಿದ್ದದ್ದು ಎರಡು ಸಾವಿರ ವರ್ಷದ ಹಿಂದೆ. ಹಾಗಾದರೆ ಇವನು ಖಾರಿತೋನ್ ಅಲ್ಲ.

ಖಾರಿತೋನ್ ದ್ವೀಪವನ್ನು ಗ್ರೀಕರ ಪಾಲು, ತುರ್ಕರ ಪಾಲು ಎಂದು ಸೀಳಿದ ಎಪ್ಪತ್ತನಾಲ್ಕರ ಯುದ್ಧದಲ್ಲಿ ಕಾಣೆಯಾದ ಗ್ರೀಕ್ ಹುಡುಗ, ಆಗ ಹತ್ತೊಂಬತ್ತು ವರ್ಷ. ಅವನನ್ನು ಈ ನಿಂಬೆತೋಟದಲ್ಲಿ ಹೂತರೆಂದು ಊರಿನ ಮುದುಕನೊಬ್ಬ ಸಾಯುವ ಮುಂಚೆ ಬಾಯಿಬಿಟ್ಟಿದ್ದ. ಕಾಣೆಯಾದವರನ್ನು ಹುಡುಕಿ ಅಗೆಯುವ ತಂಡದಲ್ಲಿ ಗ್ರೀಕರೂ ಇದ್ದರು, ಶೆವ್ಕೆತ್‌ನಂಥ ತುರ್ಕರೂ ಇದ್ದರು. ಹುಡುಗನ ಅಕ್ಕ ಪೊಲಿಕ್ಸೆನಿ ತನ್ನದೇ ದ್ವೀಪದಲ್ಲಿ ಪಾಸ್‌ಪೋರ್ಟ್ ತೋರಿಸಿ, ಗೆರೆ ದಾಟಿ ದಿನಾ ಬರುತ್ತಿದ್ದಳು. ಗುಂಡಿಯ ಪಕ್ಕ ಕುರ್ಚಿ ಹಾಕಿಕೊಂಡು ಎಲ್ಲರಿಗೂ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುವಳು. ನಿನ್ನ ನಿಧಾನದ ಕೈಗಾಗಿ ಕಾದು ಬೇಸತ್ತು ಅವನೇ ಎದ್ದು ಬಂದಾನು ಎಂದು ಶೆವ್ಕೆತ್‌ನನ್ನು ಛೇಡಿಸುವಳು.

ಅವಳ ಚರ್ಚಿನಲ್ಲಿ ಪ್ರಾರ್ಥನೆಯ ಹೊತ್ತಿಗೆ ಓದಲೆಂದು ಪಾದ್ರಿಗೆ ಎರಡು ಚೀಟಿ ಕೊಡುವುದು ರೂಢಿ. ಒಂದರಲ್ಲಿ ಬದುಕಿರುವವರ ಹೆಸರು, ಇನ್ನೊಂದರಲ್ಲಿ ತೀರಿಕೊಂಡವರದು. ನಲವತ್ತೊಂದು ವರ್ಷ ಅವಳು ತಮ್ಮನ ಹೆಸರನ್ನು ಮೊದಲನೇ ಚೀಟಿಯಲ್ಲೇ ಬರೆದಿದ್ದಳು. ಸತ್ತವರಿಗೆಂದು ಬೇಯಿಸಿ ಹಂಚುವ ಗೋಧಿಯನ್ನು ಅವನಿಗಾಗಿ ಒಮ್ಮೆಯೂ ಒಲೆಗೆ ಏರಿಸಿರಲಿಲ್ಲ.

ನಿನ್ನೆ ಮಧ್ಯಾಹ್ನ ಸಿಕ್ಕಿದ್ದು ಎಡಗೈ ಎಲುಬು. ಮುರಿದು ಮತ್ತೆ ಕೂಡಿಕೊಂಡದ್ದು. ಚಿಕ್ಕಂದಿನಲ್ಲಿ ಮರದಿಂದ ಬಿದ್ದು ತಮ್ಮ ಎಡಗೈ ಮುರಿದುಕೊಂಡ ಕಥೆಯನ್ನು ಅವಳು ನೂರು ಸಲ ಹೇಳಿದ್ದಳು. ಪ್ರಯೋಗಾಲಯದ ವರದಿ ಬರುವವರೆಗೆ ತುಟಿ ಬಿಚ್ಚಬಾರದೆಂಬುದು ಕಟ್ಟಪ್ಪಣೆ. ಶೆವ್ಕೆತ್ ಹರೆಯದಲ್ಲೆಲ್ಲ ಹಳೇ ಗೋರಿಗಳನ್ನೇ ಅಗೆದವನು. ಫಿನೀಷಿಯನ್ನರು, ರೋಮನ್ನರು, ವೆನಿಸಿನವರು, ತನ್ನ ಹಿರೀಕರು, ಬಂದವರೆಲ್ಲ ಎಲುಬು ಬಿಟ್ಟುಹೋದ ನೆಲ ಇದು, ಅವಸರ ಸಲ್ಲದು ಎಂದು ಅವನಿಗೆ ಗೊತ್ತಿಲ್ಲವೇ? ತೋಟ ಮಾಡುವಾಗ ಬುಲ್ಡೋಜರು ಮೇಲಿನ ಮಣ್ಣನ್ನೆಲ್ಲ ಕೆರೆದು ಹಾಕಿ, ಆಳದ ಹಳೇ ಗೋರಿಗಳನ್ನು ಮೇಲಕ್ಕೆ ತಂದಿತ್ತೆಂಬುದೂ ಗೊತ್ತಿತ್ತು. ಆದರೂ ಅವಳ ಮುಖ ನೋಡಿ ಮನಸ್ಸು ತಡೆಯಲಿಲ್ಲ. "ಸಿಕ್ಕಿದ, ಅಕ್ಕ" ಅಂದುಬಿಟ್ಟಿದ್ದ.

ಈಗ ಅವಳು ಕಪ್ಪು ಬಟ್ಟೆ ಉಟ್ಟು, ಎರಡೂ ಕೈಯಲ್ಲಿ ಬೋಗುಣಿ ಹಿಡಿದು ಮರಗಳ ನಡುವೆ ಬರುತ್ತಿದ್ದಳು. ಬೇಯಿಸಿದ ಗೋಧಿ, ಮೇಲೆ ಬಾದಾಮಿ, ದಾಳಿಂಬೆ ಕಾಳು.

"ಬೆಳಿಗ್ಗೆ ಪಾದ್ರಿ ಅವನ ಹೆಸರು ಓದಿದ್ರು ಕಣೋ, ಎರಡನೇ ಚೀಟಿಯಿಂದ. ಅಲ್ಲೇ ಕುಸಿದುಬೀಳ್ತೀನೇನೋ ಅಂದ್ಕೊಂಡಿದ್ದೆ. ಬೀಳ್ಲಿಲ್ಲ. ತಗೋ, ಮೊದಲನೇ ಹಿಡಿ ನಿಂಗೆ."

ಶೆವ್ಕೆತ್ ಕೈ ಒಡ್ಡಲಿಲ್ಲ. ಬಿಗಿಹಿಡಿದ ಮುಷ್ಟಿ ಬಿಚ್ಚಿ ನಾಣ್ಯ ತೋರಿಸಿದ. ಅದರ ಅರ್ಥವನ್ನು ತಡವರಿಸುತ್ತ ಹೇಳಿದ. ತಪ್ಪು ತನ್ನದು ಎಂದ, ಎರಡು ಸಲ.

ಅವಳು ಕುರ್ಚಿಯಲ್ಲಿ ಕೂತು, ಬೋಗುಣಿಯನ್ನು ಪಕ್ಕಕ್ಕಿಟ್ಟು ನಾಣ್ಯವನ್ನು ಕೈಗೆ ತೆಗೆದುಕೊಂಡಳು.

"ಇದನ್ನ ಇವನ ಬಾಯಲ್ಲಿ ಇಟ್ಟೋರು ಯಾರು?"

"ಮನೆಯೋರು. ತಾಯಿಯೋ, ಅಕ್ಕನೋ. ಸತ್ತವರನ್ನ ಆಚೆ ದಡಕ್ಕೆ ದಾಟಿಸೋ ಅಂಬಿಗನಿಗೆ ಕೂಲಿ ಅಂತ."

"ಪುಣ್ಯವಂತ" ಎಂದಳು. ಬೋಗುಣಿಯಿಂದ ಒಂದು ಹಿಡಿ ತೆಗೆದು ಶೆವ್ಕೆತ್‌ನ ಅಂಗೈಗೆ ಹಾಕಿದಳು. "ತಿನ್ನು. ಇವನ ಹೆಸರಲ್ಲೇ ತಿನ್ನು."

ಅವನು ಬಾಯಿಗೆ ಹಾಕಿಕೊಂಡ. ಅಷ್ಟರಲ್ಲಿ ಅವಳು ಕೈಚೀಲ ತೆರೆದು ಎರಡು ಖಾಲಿ ಚೀಟಿ, ಒಂದು ಪೆನ್ನು ತೆಗೆದಳು. ಚೀಟಿಗಳನ್ನು ಮಂಡಿಯ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ತಲೆಯೆತ್ತಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವನಿಗೆ ಹೆದರಿಕೆಯಾದದ್ದು.

"ಬರೋ ಭಾನುವಾರಕ್ಕೆ ಅವನ ಹೆಸರು ಯಾವುದ್ರಲ್ಲಿ ಬರೀಲಿ, ಶೆವ್ಕೆತ್? ನೀನೇ ಹೇಳು."