ಐದನೆಯ ಸೀಲು

ಬುಕ್ ಬೈಂಡರ್ ತನ್ನ ಸೀಲನ್ನು ಇಂಕಿಗದ್ದಿ ಎತ್ತಿಯೂ ಆಗಿತ್ತು. ಎದುರಿಗಿದ್ದ ಹೆಂಗಸು ತನ್ನ ಕಾರ್ಡನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು. ಸೀಲು ಬರಿ ಮೇಜಿನ ಮೇಲೆ ಬಿತ್ತು: ‘ಕೆಲಸ ಖಾಲಿ ಇಲ್ಲ.’

“ಇದೇನಮ್ಮಾ! ಒತ್ತಿಸ್ಕೊಳ್ಳೋಕೆ ತಾನೆ ಬಂದಿದ್ದು?”

“ಒಂದ್ನಿಮಿಷ ತಾಳಿ. ಆ ಪುಸ್ತಕ ನೋಡ್ತೀನಿ.”

ನಿರುದ್ಯೋಗ ಭತ್ಯೆ ಬೇಕೆಂದರೆ ವಾರಕ್ಕೆ ಐದು ಕಡೆ ಕೆಲಸ ಕೇಳಬೇಕು, ಇಲ್ಲವೆನ್ನಿಸಿಕೊಂಡ ಐದು ಸೀಲುಗಳಿರುವ ಕಾರ್ಡನ್ನು ಶುಕ್ರವಾರ ಐದು ಗಂಟೆಯೊಳಗೆ ಪಕ್ಕದ ಬೀದಿಯ ಕಚೇರಿಗೆ ಒಪ್ಪಿಸಬೇಕು. ಒಂದು ಕಡಿಮೆಯಾದರೂ ಆ ತಿಂಗಳ ಹಣ ಖೋತಾ. ಬರುವವರು ಹೆಚ್ಚಾದ ಮೇಲೆ ಬೈಂಡರ್ ರಬ್ಬರ್ ಸೀಲನ್ನೇ ಮಾಡಿಸಿಟ್ಟಿದ್ದ. ಮುಖ ನೋಡದೆ ಎಡಗೈಯಲ್ಲೇ ಒತ್ತಿ ಕಳಿಸುತ್ತಿದ್ದ. ಇವಳ ಕಾರ್ಡಿನಲ್ಲಿ ನಾಲ್ಕು ಸೀಲುಗಳಿದ್ದವು. ಅಂದು ಶುಕ್ರವಾರ, ಗಡಿಯಾರದಲ್ಲಿ ನಾಲ್ಕೂವರೆ.

ಅವಳು ಹೊಲಿದಿಟ್ಟ ಪುಸ್ತಕಗಳ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಮಡಿಸಿದ ಹಾಳೆಗಳ ಒಂದೊಂದು ಕಂತೆಗೂ, ಅಂದರೆ ಫಾರಂಗೂ, ಬೆನ್ನಿನಲ್ಲಿ ಒಂದು ಕಪ್ಪು ಗುರುತು; ಫಾರಂಗಳು ಕ್ರಮವಾಗಿದ್ದರೆ ಆ ಗುರುತುಗಳು ಮೆಟ್ಟಿಲಿನಂತೆ ಒಂದರ ಕೆಳಗೊಂದು ಇಳಿದಿರಬೇಕು.

“ಇಲ್ಲಿ ಮೆಟ್ಟಿಲು ತಪ್ಪಿದೆ ನೋಡಿ. ಮೂರನೇ ಫಾರಂ ಐದರ ಜಾಗದಲ್ಲಿ ಕೂತಿದೆ. ಇದ್ರಲ್ಲೂ. ಇದ್ರಲ್ಲೂ.”

ಬೈಂಡರ್ ಬಗ್ಗಿ ನೋಡಿ ಬೆವತುಹೋದ. ಮೂಲೆಯಲ್ಲಿ ಅಂಟು ಕಲಸುತ್ತಿದ್ದ ಅವನ ಹೆಂಡತಿ, “ಕನ್ನಡಕ ಹಾಕ್ಕೊಳ್ಳಿ ಅಂತ ಬಡ್ಕೊಂಡೆ. ನಿಮಗೆ ಚೆಂದ ಕಾಣಬೇಕು!” ಎಂದಳು.

ರಟ್ಟು ಹಾಕುವ ಮುಂಚೆ ಸಿಕ್ಕಿತಲ್ಲ ಎಂದು ಅವನಿಗೆ ಹೋದ ಜೀವ ಬಂದಂತಾಯಿತು. ಮೊದಲ ಸಲ ಅವಳ ಕಡೆ ಸರಿಯಾಗಿ ನೋಡಿದ. ಬೆರಳ ತುದಿಗಳು ದಡ್ಡುಗಟ್ಟಿದ್ದವು. ಯಾವ ಕೆಲಸದ ಕೈ ಇದು? ಕೇಳಲು ಹೋಗಲಿಲ್ಲ. ಕೇಳಿದರೆ ಆಮೇಲೆ ಕೆಲಸ ಕೊಡುವ ಮಾತೂ ಆಡಬೇಕಾಗುತ್ತದೆ.

“ದೊಡ್ಡ ಉಪಕಾರ ಮಾಡ್ದೆ ಕಣಮ್ಮಾ. ಕೊಡು ಕಾರ್ಡು. ಇವತ್ತಿನದಷ್ಟೇ ಅಲ್ಲ, ಬರೋ ತಿಂಗಳ ವಾರಗಳದ್ದೂ ಸೇರಿಸಿ ಒತ್ತಿಬಿಡ್ತೀನಿ. ಬಿಸಿಲಲ್ಲಿ ಅಲೆಯೋದಾದ್ರೂ ತಪ್ಪುತ್ತೆ.”

“ಬೇಡ.”

“ಇವತ್ತಿನದಾದ್ರೂ? ಇನ್ನು ಇಪ್ಪತ್ತೇ ನಿಮಿಷ ಇರೋದು. ದುಡ್ಡು ಹೋಗುತ್ತಲ್ಲಾ!”

“ನಾನಿನ್ನೂ ನಿಮ್ಮನ್ನ ಕೆಲಸ ಕೇಳೇ ಇಲ್ಲ,” ಎಂದು ಅವಳು ಕಾರ್ಡನ್ನು ಮಡಿಸಿ ಚೀಲಕ್ಕೆ ಹಾಕಿದಳು. “ಕೇಳದೆ ‘ಇಲ್ಲ’ ಅನ್ನಿಸ್ಕೊಳ್ಳಲ್ಲ.”