ಹಾಲಿನ ಲಾರಿಯವನ ಮೂಗು

"ಅಯ್ಯೋ, ಮೂಗು ಆಚೆ ತೆಗಿಯೋ ಮಾರಾಯಾ! ಇಳಿ ಕೆಳಗೆ!"

ಒಫೀಲಿಯಾ ಕೂಗಿದ ರಭಸಕ್ಕೆ, ಏಣಿ ಹತ್ತಿ ಬಗ್ಗಿದ್ದ ವರ್ಲಿನ್ ಕಚ್ಚಾ ತೈಲದ ತೊಟ್ಟಿಯ ಮುಚ್ಚಳವನ್ನು ದಡಕ್ಕನೆ ಬಿಟ್ಟ. ಟೆಕ್ಸಾಸಿನ ಈ ತೈಲಬಯಲಿನಲ್ಲಿ ಲಾರಿ ಕೆಲಸ ಕೇಳಿಕೊಂಡು ಬಂದವರನ್ನು ಪರೀಕ್ಷಿಸುವವಳು ಅವಳೇ. ಬೆಳಗಿನಿಂದ ಅವನ ಪಕ್ಕ ಕೂತು, ಇಷ್ಟು ಹದವಾಗಿ ಗೇರ್ ಹಾಕುವವನನ್ನು ಈ ವರ್ಷ ಕಂಡೇ ಇಲ್ಲವೆಂದು ಮನಸ್ಸಿನಲ್ಲೇ ಕೆಲಸ ಕೊಟ್ಟೂ ಆಗಿತ್ತು.

"ಹತ್ತೊಂಬತ್ತು ವರ್ಷ ಹಾಲಿನ ಟ್ಯಾಂಕರ್ ಓಡಿಸ್ದೋನು ಮೇಡಂ," ಎಂದ ಅವನು, ಏಣಿ ಇಳಿಯುತ್ತ. "ನಮ್ಮ ವಿಸ್ಕಾನ್ಸಿನ್‌ನಲ್ಲಿ ಮೂಸಿ ನೋಡ್ದೆ ಹಾಲು ತುಂಬಿಸ್ಕೊಂಡ್ರೆ ಕೆಲಸದಿಂದ ತೆಗೀತಿದ್ರು."

"ಇಲ್ಲಿ ಮೂಸಿದ್ರೆ ಹೆಣ ತೆಗೀತಾರೆ. ತೊಟ್ಟಿಯಿಂದ ಏಳೋ ಈ ವಿಷಗಾಳಿ ಒಂದು ಉಸಿರು ಎಳ್ಕೊಂಡ್ರೆ ಸಾಕು. ಹೇಳಿರ್ಲಿಲ್ವಾ?"

"ಹೇಳಿದ್ರಿ. ಕೈ ಮುಚ್ಚಳ ಎತ್ತಿದ್ದೇ ತಡ, ತಲೆ ತಾನಾಗೇ ಬಗ್ಗಿಬಿಡ್ತು. ಇನ್ನೊಂದು ಸಲ ನೋಡಿ ಮೇಡಂ. ಡೈರಿ ಮುಚ್ಚಿ ಎಂಟು ತಿಂಗಳಾಯ್ತು."

ಒಫೀಲಿಯಾಳಿಗೆ ಅವನ ಮುಖ ನೋಡಲಾಗಲಿಲ್ಲ. "ಹೋದ ವರ್ಷ ಒಬ್ಬನಿಗೆ ಇನ್ನೊಂದು ಸಲ ಅಂತ ಕೊಟ್ಟಿದ್ದೆ ಕಣಪ್ಪಾ," ಎಂದಳು. "ಅವನ ಹೆಂಡತಿಗೆ ಫೋನ್ ಮಾಡಿ ಹೇಳಿದೋಳೂ ನಾನೇ."

ವರ್ಲಿನ್ ಲಾರಿಯ ಹತ್ತಿರ ಹೋಗಿ ಚಾಲಕನ ಬಾಗಿಲಿಗೆ ಕೈ ಹಾಕಿದ. ಆಮೇಲೆ ಕೈ ತೆಗೆದು, ಲಾರಿಯ ಮೂತಿಯ ಮುಂದಿನಿಂದ ಸುತ್ತಿಬಂದು, ಬೆಳಗಿನಿಂದ ಅವಳು ಕೂತಿದ್ದ ಆಚೆ ಸೀಟಿನಲ್ಲಿ ಕೂತ.